ಕ್ಯಾಪ್ಟನಮ್ಮನವರು

ಸೈನ್ಯದಲ್ಲಿ ಕ್ಯಾಪ್ಟನ್ ಎನಿಸಿಕೊಳ್ಳಬೇಕಾದರೆ ಪರೀಕ್ಷೆ, ಕವಾಯತು, ಕಾಲಾನುಕ್ರಮದ ಬಡ್ತಿ ಮೊದಲಾದ ಅನೇಕ ಸೋಪಾನಗಳನ್ನು ಏರಬೇಕಾಗುತ್ತದೆ, ಆದರೆ ನಮ್ಮ ನಾಡಿನ ಶಾಲೆಯೊಂದರಲ್ಲಿ ಬಾಲಿಕೆಯರ ಗೈಡ್ ದಳದ ಕ್ಯಾಪ್ಟನ್ ಆಗಬೇಕಾದರೆ, ಅಧ್ಯಾಪಕರ ಸಭೆಯಲ್ಲಿ ಮುಖ್ಯೋಪಾಧ್ಯಾಯರು "ಈ ಜವಾಬ್ದಾರಿಯನ್ನು ಯಾರು ವಹಿಸಿಕೊಳ್ಳುತ್ತೀರಿ?" ಎಂದು ಕೇಳುವ ಆ ಗಂಡಾಂತರದ ಕ್ಷಣದಲ್ಲಿ, ಉಳಿದವರೆಲ್ಲರೂ ಸೂರಿನ ಜಂತೆಗಳನ್ನು ಎಣಿಸುತ್ತಿರುವಾಗ, ತಾನೊಬ್ಬಳೇ ಅವರ ಕಣ್ಣಿಗೆ ಕಣ್ಣು ಕೊಟ್ಟು ಕುಳಿತಿದ್ದರೆ ಸಾಕು. ಸಾಮಾನ್ಯವಾಗಿ ಆಕೆ ಶಾಲೆಗೆ ಹೊಸಬಳು. ಜಂತೆ ಎಣಿಸುವ ವಿದ್ಯೆ ಇನ್ನೂ ಕರಗತವಾಗಿರುವುದಿಲ್ಲ. ಹೀಗೆ ನಿರಾಯಾಸವಾಗಿ ಲಭಿಸಿದ ಪದವಿಯು ಆಕೆಯ ನಿವೃತ್ತಿಯವರೆಗೂ, ಕೆಲವೊಮ್ಮೆ ನಿವೃತ್ತಿಯ ನಂತರವೂ, ಆಕೆಯನ್ನು ಬಿಡುವುದಿಲ್ಲ. ಊರಿನ ಕಿರಾಣಿ ಅಂಗಡಿಯವನು, ಬಸ್ಸಿನ ಕಂಡಕ್ಟರು, ಕಡೆಗೆ ಸ್ವಂತ ಅತ್ತೆಯವರು ಕೂಡ ಆಕೆಯ ನಾಮಧೇಯವನ್ನು ಮರೆತು "ಕ್ಯಾಪ್ಟನಮ್ಮ" ಎಂದೇ ಕರೆಯತೊಡಗುತ್ತಾರೆ.

ಈ ಪದವಿಗೆ ವೇತನವಿಲ್ಲ. ಬೇಸಿಗೆಯ ರಜೆಯಲ್ಲಿ ಸಹೋದ್ಯೋಗಿಗಳು ತವರಿಗೋ ತಿರುಪತಿಗೋ ಹೊರಟಿರುವಾಗ, ಮೂವತ್ತು ನಲವತ್ತು ಹುಡುಗಿಯರನ್ನು ಕಟ್ಟಿಕೊಂಡು ದೊಡ್ಡಬಳ್ಳಾಪುರದ ಆನಿ ಬೆಸೆಂಟ್ ಪಾರ್ಕಿಗೋ ದಾವಣಗೆರೆಯ ಕಡೆಯ ಕೊಂಡಜ್ಜಿಗೋ ಹೋಗಿ, ಡೇರೆಯಲ್ಲಿ ಮಲಗಿ, ಸೊಳ್ಳೆಗಳಿಗೆ ರಕ್ತದಾನ ಮಾಡಿ, ಕಪ್ಪಾಗಿ ಮರಳಿ ಬರುವ ಈ ಹೆಂಗಸಿಗೆ ದೊರೆಯುವುದೆಂದರೆ ಒಂದು ಪ್ರಮಾಣಪತ್ರ. ಅದರಲ್ಲಿಯೂ ಹೆಸರಿನ ಇನಿಷಿಯಲ್ ತಪ್ಪಾಗಿರುತ್ತದೆ. ಆಕೆ ಇನ್ನೂ ಮುಂದುವರಿದು, ಉನ್ನತ ತರಬೇತಿಗಳನ್ನೆಲ್ಲ ಪೂರೈಸಿದಳೆನ್ನಿ, ಆಗ ಕೊರಳಿಗೆ ಚರ್ಮದ ದಾರದಲ್ಲಿ ಪೋಣಿಸಿದ ಎರಡು ಮರದ ಮಣಿಗಳು ಬರುತ್ತವೆ. ಇದಕ್ಕೆ ನಮ್ಮಲ್ಲಿ ಹಿಮಾಲಯ ವುಡ್ ಬ್ಯಾಡ್ಜ್ ಎಂದು ಹೆಸರು. 1919ರಲ್ಲಿ ಇಂಗ್ಲೆಂಡಿನ ಗಿಲ್ವೆಲ್ ಪಾರ್ಕಿನಲ್ಲಿ ಮೊದಲ ತಂಡದ ನಾಯಕರಿಗೆ ತರಬೇತಿ ಕೊಟ್ಟಾಗ, ಸ್ಕೌಟ್ ಚಳವಳಿಯ ಸ್ಥಾಪಕರಾದ ಬೇಡನ್ ಪೊವೆಲ್ ಸಾಹೇಬರು ತಾವು ಆಫ್ರಿಕದಿಂದ ತಂದಿದ್ದ ಹಾರವೊಂದರ ಮಣಿಗಳನ್ನೇ ಬಿಚ್ಚಿ ಹಂಚಿದರೆಂದು ಪ್ರತೀತಿ. ಆ ಇತಿಹಾಸವನ್ನೆಲ್ಲ ಕ್ಯಾಪ್ಟನಮ್ಮನವರು ಮನೆಯಲ್ಲಿ ಭಕ್ತಿಯಿಂದ ವಿವರಿಸಿದಾಗ ಅತ್ತೆಯವರು ಮಣಿಗಳನ್ನು ಬೆಳಕಿಗೆ ಹಿಡಿದು ನೋಡಿ, "ಅಷ್ಟು ವರ್ಷ ದುಡಿದದ್ದಕ್ಕೆ ಒಂದು ಗುಂಡಾದರೂ ಚಿನ್ನದ್ದು ಹಾಕಬಾರದಿತ್ತೇ?" ಎಂದು ಕೇಳಿದರಂತೆ.

ಈ ಚಳವಳಿಯ ಮೂಲವನ್ನು ಶೋಧಿಸಿದರೂ ನಮಗೆ ಕಾಣುವುದು ಇಂಥದೇ ಕಥೆ. 1909ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಸ್ಕೌಟ್ ಬಾಲಕರ ಮಹಾಮೇಳ ನೆರೆದಾಗ, ಯಾರೂ ಆಹ್ವಾನಿಸದಿದ್ದರೂ ಟೋಪಿ ಧರಿಸಿ ಬಂದು ನಿಂತ ಒಂದಷ್ಟು ಹುಡುಗಿಯರು ತಮ್ಮನ್ನೂ ಸೇರಿಸಿಕೊಳ್ಳಬೇಕೆಂದು ಹಟ ಹಿಡಿದರು. ಸಾಹೇಬರು ಏನು ಮಾಡಿಯಾರು? ಮರುವರ್ಷ ಆ ಹೊಣೆಯನ್ನು ತಮ್ಮ ತಂಗಿ ಆಗ್ನೆಸ್ ಅವರ ಮಡಿಲಿಗೆ ಹಾಕಿದರು. ಅಣ್ಣನಿಗೆ ಬಿಡುವಿಲ್ಲದ ಕೆಲಸವು ತಂಗಿಯ ಪಾಲಿಗೆ ಬರುವುದು ಸೂರ್ಯ ಮುಳುಗದ ಸಾಮ್ರಾಜ್ಯದಲ್ಲಿಯೂ ನಮ್ಮ ಅಗ್ರಹಾರದಲ್ಲಿ ಬಂದಷ್ಟೇ ಸಹಜವಾಗಿತ್ತೆಂಬುದನ್ನು ತಿಳಿದು ನನಗೆ ಒಂದು ಬಗೆಯ ಸಮಾಧಾನವಾಯಿತು. 1911ರಲ್ಲಿ ಜಬಲ್‌ಪುರದಲ್ಲಿ ಗೈಡ್ ದಳ ಕಾಣಿಸಿಕೊಂಡು, ಸ್ವಾತಂತ್ರ್ಯಾನಂತರ 1950ರ ನವೆಂಬರಿನಲ್ಲಿ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ರೂಪುಗೊಂಡು, ಮರುವರ್ಷದ ಆಗಸ್ಟ್ 15ರಂದು ಬಾಲಿಕೆಯರ ಸಂಸ್ಥೆಯೂ ಅದರಲ್ಲಿ ಲೀನವಾಯಿತು. ಇಷ್ಟು ಚರಿತ್ರೆ ಸಾಕು. ಇದಕ್ಕಿಂತ ಹೆಚ್ಚಿನದನ್ನು ಕ್ಯಾಪ್ಟನಮ್ಮನವರೇ ಶಿಬಿರದ ಎರಡನೆಯ ದಿನ ಮಧ್ಯಾಹ್ನ, ಊಟವಾಗಿ ಎಲ್ಲರ ಕಣ್ಣೂ ಎಳೆಯುತ್ತಿರುವ ಹೊತ್ತಿನಲ್ಲಿ, ವಿಸ್ತಾರವಾಗಿ ಹೇಳುತ್ತಾರೆ.

ಶಿಬಿರವೆಂದರೆ ಡೇರೆ ಹೊಡೆಯುವುದು, ಗಂಟು ಕಟ್ಟುವುದು, ಶಿಬಿರಾಗ್ನಿಯ ಸುತ್ತ ಕುಣಿಯುವುದು ಎಂದು ಲೋಕವು ಭಾವಿಸಿದೆ. ನನ್ನ ಮತದಲ್ಲಿ ಇವೆಲ್ಲ ಶಿಬಿರದ ಸುಲಭವಾದ ಭಾಗಗಳು. ನಿಜವಾದ ಶಿಬಿರವು ಏಪ್ರಿಲ್ ತಿಂಗಳ ಸಂಜೆಗಳಲ್ಲಿ, ಹುಡುಗಿಯರ ಮನೆಯ ಹೊಸ್ತಿಲ ಮೇಲೆ ನಡೆಯುತ್ತದೆ. ಗಂಡುಹುಡುಗನೊಬ್ಬನು ಶಿಬಿರಕ್ಕೆ ಹೋಗುತ್ತೇನೆಂದರೆ ತಂದೆಯು ಪತ್ರಿಕೆಯಿಂದ ತಲೆಯೆತ್ತದೆ "ದುಡ್ಡು ಎಷ್ಟು?" ಎಂದು ಕೇಳುತ್ತಾನೆ, ಹುಡುಗಿಯು ಅದೇ ಮಾತನ್ನಾಡಿದರೆ ಅವಿಭಕ್ತ ಕುಟುಂಬದ ಪೂರ್ಣಾಧಿವೇಶನವೇ ಸೇರುತ್ತದೆ. ಆ ಅಧಿವೇಶನಕ್ಕೆ ಕ್ಯಾಪ್ಟನಮ್ಮನವರು ಏಕಾಂಗಿಯಾಗಿ ಹಾಜರಾಗಬೇಕು.

ಅಲ್ಲಿ ಅವರನ್ನು ನೋಡಬೇಕು. ಕೈಯಲ್ಲೊಂದು ಚೀಲ; ಚೀಲದಲ್ಲಿ ಪೋಷಕರ ಅನುಮತಿ ಪತ್ರಗಳ ಕಂತೆ, ಶಾಯಿಯ ಪ್ಯಾಡು, ಎರಡು ಪೆನ್ನು. ಹೋದ ಕಾರಣವನ್ನು ಅವರು ತತ್‌ಕ್ಷಣ ಹೇಳುವವರಲ್ಲ. ಮೊದಲು ಕಾಫಿಯನ್ನು ಬೇಡವೆನ್ನದೆ ಕುಡಿಯುತ್ತಾರೆ. ಬೇಡವೆಂದರೆ ಕಾರ್ಯ ಕೆಟ್ಟಿತೆಂಬುದು ಅವರ ಅನುಭವ. ಅಜ್ಜಿಯ ಮಂಡಿನೋವಿನ ವೃತ್ತಾಂತವನ್ನು ಆಮೂಲಾಗ್ರವಾಗಿ ಕೇಳಿ, ತಮ್ಮ ಅತ್ತೆಯವರ ಮಂಡಿನೋವನ್ನು ಅದಕ್ಕೆ ಜೊತೆಗೂಡಿಸಿ, ನೋವಿನ ಎಣ್ಣೆಯ ಹೆಸರನ್ನು ಬರೆದುಕೊಡುತ್ತಾರೆ. ಆಮೇಲೆ ತಂದೆಯ ಸರದಿ. "ತಪ್ಪು ತಿಳ್ಕೋಬೇಡಿ ಮೇಡಂ, ನಾವೇನೂ ಹಳೇ ಕಾಲದೋರಲ್ಲ," ಎಂದು ಆತನು ಪ್ರಾರಂಭಿಸುತ್ತಲೇ ಕ್ಯಾಪ್ಟನಮ್ಮನವರಿಗೆ ಈತನು ಹಳೆಯ ಕಾಲದವನೆಂಬುದು ನಿಶ್ಚಯವಾಗುತ್ತದೆ. ಸ್ನಾನಗೃಹಕ್ಕೆ ಚಿಲಕವಿದೆಯೇ, ಕಾವಲುಗಾರನ ವಯಸ್ಸೆಷ್ಟು, ರಾತ್ರಿ ಯಾರು ಎಚ್ಚರವಿರುತ್ತಾರೆ, ಬಸ್ಸಿನ ಚಾಲಕನು ಕುಡಿಯುವನೇ, ಕೆರೆ ಎಷ್ಟು ದೂರ, ಹಾವುಗಳುಂಟೇ. ಪ್ರಶ್ನೆಗಳು ನ್ಯಾಯವಾದವು, ಆದುದರಿಂದಲೇ ಅವರು ಒಂದಕ್ಕೂ ಬೇಸರಪಡದೆ, ಶಿಬಿರದ ಜಾಗವನ್ನು ಹಿಂದಿನ ವಾರವೇ ಹೋಗಿ ನೋಡಿ ಬಂದು, ಚಿಲಕವಿಲ್ಲದ ಬಾಗಿಲಿಗೆ ತಮ್ಮ ಹಣದಿಂದಲೇ ಚಿಲಕ ಹಾಕಿಸಿದ ಸಂಗತಿಯನ್ನು ಪ್ರಾಸಂಗಿಕವೆಂಬಂತೆ ತಿಳಿಸುತ್ತಾರೆ. ಆದರೆ ಅಂತಿಮ ತೀರ್ಪು ತಂದೆಯದಲ್ಲ. ಅದು ಗೋಡೆಗೊರಗಿ ಅಡಿಕೆ ಕತ್ತರಿಸುತ್ತಿರುವ ಅಜ್ಜಿಯದು.

"ಏನಮ್ಮಾ, ವಯಸ್ಸಿಗೆ ಬಂದ ಹುಡುಗೀರನ್ನ ಕಾಡಲ್ಲಿ ಮಲಗಿಸಿ ಏನು ಕಲಿಸ್ತೀಯಾ?"

ಇದಕ್ಕೆ ಸಂಸ್ಥೆಯ ಕೈಪಿಡಿಯಲ್ಲಿ ಉತ್ತಮವಾದ ಉತ್ತರಗಳಿವೆ: ನಾಯಕತ್ವ, ಸ್ವಾವಲಂಬನೆ, ಚಾರಿತ್ರ್ಯ ನಿರ್ಮಾಣ ಇತ್ಯಾದಿ. ಅನುಭವಿಯಾದ ಕ್ಯಾಪ್ಟನಮ್ಮನು ಅವುಗಳಲ್ಲಿ ಒಂದನ್ನೂ ಪ್ರಯೋಗಿಸುವುದಿಲ್ಲ. "ಅಡಿಗೆ ಕಲಿಸ್ತೀವಿ ಅಜ್ಜೀ," ಎನ್ನುತ್ತಾರೆ. ಇದು ಸುಳ್ಳಲ್ಲ, ಪಾತ್ರೆಯೇ ಇಲ್ಲದೆ ಅಡಿಗೆ ಮಾಡುವುದು ಶಿಬಿರದ ಪ್ರಸಿದ್ಧ ವಿದ್ಯೆಗಳಲ್ಲೊಂದು. ಕೆಂಡದಲ್ಲಿ ಹೂತ ಆಲೂಗಡ್ಡೆಯೂ, ಕಾದ ಕಲ್ಲಿನ ಮೇಲೆ ಅರ್ಧ ಬೆಂದು ಅರ್ಧ ಕರಕಾದ ರೊಟ್ಟಿಯೂ ಅಡಿಗೆಯೇ ಅಹುದು. ಇದೇ ಅಡಿಗೆಯನ್ನು ಪಕ್ಕದ ಮೈದಾನದಲ್ಲಿ ಸ್ಕೌಟ್ ಹುಡುಗರೂ ಕಲಿಯುತ್ತಾರೆಂಬುದನ್ನು ಮಾತ್ರ ಅವರು ಆ ಸಂದರ್ಭದಲ್ಲಿ ಹೇಳಲು ಮರೆಯುತ್ತಾರೆ. ಅಜ್ಜಿಯ ಕತ್ತರಿ ಒಂದು ಕ್ಷಣ ನಿಂತು, "ನಾಲ್ಕೇ ದಿನ ತಾನೆ?" ಎಂಬ ಮಾತು ಹೊರಟಿತೆಂದರೆ ಅನುಮತಿ ಪತ್ರವು ಚೀಲದಿಂದ ಹೊರಬಿದ್ದು, ಪೆನ್ನಿನ ಕ್ಯಾಪು ತೆಗೆದು, ಸಹಿ ಮಾಡಬೇಕಾದ ಸ್ಥಳದಲ್ಲಿ ಅವರ ಬೆರಳು ನೆಲೆಸಿರುತ್ತದೆ. ನಮ್ಮ ವಿದೇಶಾಂಗ ಖಾತೆಯವರು ಈ ಹೆಂಗಸರನ್ನು ಏಕೆ ಉಪಯೋಗಿಸಿಕೊಂಡಿಲ್ಲವೋ ನಾನರಿಯೆ.

ಶಿಬಿರದಲ್ಲಿ ಅವರ ಸ್ವರೂಪವೇ ಬೇರೆ. ಹೊಸ್ತಿಲ ಮೇಲೆ ಕರಗಿ ನೀರಾಗಿದ್ದವರು ಇಲ್ಲಿ ಸಾಕ್ಷಾತ್ ದಂಡಾಧಿಕಾರಿ. ಕೊರಳಲ್ಲೊಂದು ಸೀಟಿ, ಬಾಯಿಂದ ಬರುವ ಮಾತಿಗಿಂತ ಸೀಟಿಯಿಂದ ಬರುವ ಮಾತು ಅಧಿಕ. ಇಲ್ಲೊಂದು ಸ್ವಾರಸ್ಯವಿದೆ. ಮೊದಮೊದಲಿನ ನಿಯಮಾವಳಿಯಲ್ಲಿ, ಕಷ್ಟ ಬಂದಾಗ ಬಾಲಕನು ನಗುತ್ತ ಸಿಳ್ಳೆ ಹಾಕಬೇಕೆಂದೂ ಬಾಲಿಕೆಯು ನಗುತ್ತ ಹಾಡಬೇಕೆಂದೂ ಭೇದವನ್ನು ಮಾಡಿದ್ದರು; ಹೆಣ್ಣು ಸಿಳ್ಳೆ ಹಾಕಬಾರದೆಂಬ ವಿಷಯದಲ್ಲಿ ಆಂಗ್ಲ ಮಹನೀಯರಿಗೂ ನಮ್ಮ ಅಜ್ಜಿಯರಿಗೂ ಪೂರ್ಣ ಮತೈಕ್ಯವಿದ್ದಂತೆ ತೋರುತ್ತದೆ. ಬೆಳಗಿನ ಐದು ಗಂಟೆಗೆ ಕ್ಯಾಪ್ಟನಮ್ಮನವರು ಸೀಟಿ ಊದುವುದನ್ನು ಆ ಮಹನೀಯರು ಒಮ್ಮೆ ಕೇಳಿದ್ದರೆ ಅಭಿಪ್ರಾಯವನ್ನು ಬದಲಿಸುತ್ತಿದ್ದರೋ ಇನ್ನಷ್ಟು ಬಿಗಿಗೊಳಿಸುತ್ತಿದ್ದರೋ ಹೇಳಬರುವುದಿಲ್ಲ.

ಐದಕ್ಕೆ ಎದ್ದವರಿಗೆ ಬಿ.ಪಿ. ಸಿಕ್ಸ್ ಎಂಬ ಆರು ವ್ಯಾಯಾಮಗಳು, ಅನಂತರ ಡೇರೆಗಳ ತನಿಖೆ. ಹಾಸಿಗೆಯ ಮಡಿಕೆ, ತಟ್ಟೆ ಲೋಟಗಳ ಸಾಲು, ಉಗುರಿನ ಅಂಚು, ತಲೆಯ ಹೇನು, ಯಾವುದೂ ಅವರ ದೃಷ್ಟಿಯಿಂದ ಪಾರಾಗದು. ಮಲ್ಲಿಗೆ ಪೆಟ್ರೋಲ್ ಎಂಬ ತುಕಡಿಯ ಹುಡುಗಿಯರು ಬಿದಿರು ಕಡ್ಡಿಗಳನ್ನು ಹಗ್ಗದಿಂದ ಬಿಗಿದು ಮಾಡಿದ ಚಪ್ಪಲಿ ಸ್ಟ್ಯಾಂಡು ನಿಂತಿದೆಯೆಂದು ಅವರು ಮೆಚ್ಚುವಷ್ಟರಲ್ಲಿ ಅದು ಕುಸಿಯುತ್ತದೆ. ಬಿಗಿದ ಗಂಟು ರೀಫ್ ನಾಟ್ ಆಗಿರದೆ ಅದರ ದುಷ್ಟ ಸಹೋದರಿಯಾದ ಗ್ರ್ಯಾನಿ ನಾಟ್ ಆಗಿರುತ್ತದೆ. ಅವರು ಹುಡುಗಿಯನ್ನು ಬಯ್ಯುವುದಿಲ್ಲ, ಹಗ್ಗವನ್ನು ಬಯ್ಯುತ್ತಾರೆ. ಮೊಬೈಲ್ ಫೋನುಗಳನ್ನೆಲ್ಲ ಮೊದಲ ದಿನವೇ ಡಬ್ಬಿಯಲ್ಲಿ ಹಾಕಿ ಬೀಗ ಜಡಿದಿರುವುದರಿಂದ ನಲವತ್ತು ಮನೆಗಳ ಕರೆಯೂ ಅವರ ಒಂದೇ ಫೋನಿಗೆ ಬರುತ್ತದೆ. "ಮೇಡಂ, ಅವಳು ಮೊಸರನ್ನ ತಿಂದಳೇ?" "ಮೇಡಂ, ರಾತ್ರಿ ಹೊದ್ದುಕೊಂಡಿದ್ದಳೇ?" ಒಬ್ಬ ತಾಯಿಗೆ ಉತ್ತರ ಹೇಳುತ್ತ, ಇನ್ನೊಂದು ಕೈಯಲ್ಲಿ ಉಪ್ಪಿಟ್ಟಿನ ಸೌಟನ್ನು ಹಿಡಿದು, ಕಣ್ಣಿನಲ್ಲಿಯೇ ಮೂರನೆಯವಳನ್ನು ಕೊಳಾಯಿಯಿಂದ ದೂರ ಕಳುಹಿಸುವ ಸಾಮರ್ಥ್ಯವು ಯಾವ ತರಬೇತಿಯಲ್ಲಿಯೂ ಕಲಿಸಿದುದಲ್ಲ.

ಮೊದಲ ರಾತ್ರಿಯ ವಿಚಾರವನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಹತ್ತು ಗಂಟೆಗೆ ದೀಪವಾರಿದ ಮೇಲೆ ಯಾವುದೋ ಒಂದು ಡೇರೆಯಲ್ಲಿ ಒಬ್ಬಳು ಮೂಗೆಳೆಯುತ್ತಾಳೆ. ಹುಲ್ಲಿನ ಬಣವೆಗೆ ಬಿದ್ದ ಕಿಡಿಯಂತೆ ಆ ಅಳು ಡೇರೆಯಿಂದ ಡೇರೆಗೆ ಹಬ್ಬಿ, ಅರ್ಧ ಗಂಟೆಯೊಳಗೆ ತಮಗೇನಾಗಿದೆಯೆಂದು ಅರಿಯದವರೂ ಅಳುತ್ತಿರುತ್ತಾರೆ. ಹೊಸ ಸ್ವಯಂಸೇವಕಿಯಾದವಳು ಆಗ ಸಮಾಧಾನದ ಮಾತುಗಳನ್ನಾಡಿ, ಅದರಿಂದ ಅಳುವನ್ನು ಇಮ್ಮಡಿಗೊಳಿಸುತ್ತಾಳೆ. ಹಳೆಯ ಕ್ಯಾಪ್ಟನಮ್ಮನು ಟಾರ್ಚು ಹಿಡಿದು ಬಂದು, "ಸರಿ, ಅಳುವವರೆಲ್ಲ ಎದ್ದು ಬನ್ನಿ, ನಾಳೆಗೆ ಬಟಾಣಿ ಸುಲಿಯಬೇಕು," ಎನ್ನುತ್ತಾರೆ. ಎರಡು ಸೇರು ಬಟಾಣಿ ಸುಲಿಯುವಷ್ಟರಲ್ಲಿ ಒಬ್ಬಳು ದೆವ್ವದ ಕಥೆ ಹೇಳಿರುತ್ತಾಳೆ, ಮತ್ತೊಬ್ಬಳು ತೂಕಡಿಸಿರುತ್ತಾಳೆ. ಆ ಬಳಿಕ ದೆವ್ವದ ಕಥೆಯ ಫಲವಾಗಿ ಶೌಚಾಲಯಕ್ಕೆ ಒಬ್ಬರೇ ಹೋಗಲು ಯಾರಿಗೂ ಧೈರ್ಯ ಸಾಲದು. ಟಾರ್ಚಿನ ಹಿಂದೆ ಮೆರವಣಿಗೆ ಹೊರಡುತ್ತದೆ.

ಇನ್ನೊಂದು ಸಂಗತಿಯನ್ನು ನಮ್ಮ ಹಿಂದಿನ ಲೇಖಕರು ಸಂಕೋಚದಿಂದ ಬಿಡುತ್ತಿದ್ದರು. ಬಿಟ್ಟರೆ ಈ ಚಿತ್ರವು ಅಪೂರ್ಣವಾದೀತು. ಶಿಬಿರದ ನಡುವೆಯೇ ಜೀವನದಲ್ಲಿ ಮೊದಲ ಬಾರಿಗೆ ಮುಟ್ಟಾಗಿ, ತನಗೆ ಏನೋ ರೋಗ ಬಂದಿತೆಂದು ಹೆದರಿ ಡೇರೆಯ ಮೂಲೆಯಲ್ಲಿ ಮುದುಡಿ ಕೂರುವ ಹುಡುಗಿ ಪ್ರತಿವರ್ಷವೂ ಒಬ್ಬಳಿರುತ್ತಾಳೆ. ಕ್ಯಾಪ್ಟನಮ್ಮನವರ ಚೀಲದ ಒಳಗಣ ಜೇಬು ಇದಕ್ಕೆಂದೇ ಮೀಸಲು. ಆ ಹೊತ್ತು ಸೀಟಿಯು ಸೆರಗಿನೊಳಗೆ ಸೇರುತ್ತದೆ. ಬಿಸಿನೀರು ಬರುತ್ತದೆ, ಬೆಲ್ಲದ ಕಷಾಯ ಬರುತ್ತದೆ. ಮರುದಿನ ಬೆಳಿಗ್ಗೆ "ನಾನು ಬಾವುಟದ ಹತ್ತಿರ ಬರಬಹುದಾ ಮಿಸ್?" ಎಂದು ಆ ಮಗು ಪಿಸುಗುಟ್ಟಿದರೆ, "ಬರಬಹುದಾ ಅಂದ್ರೇನು, ಇವತ್ತು ಹಗ್ಗ ಎಳೆಯೋಳು ನೀನೇ," ಎಂಬ ಆಜ್ಞೆಯಾಗುತ್ತದೆ. ಮನೆಗೆ ಹೋದ ಮೇಲೆ ಅಜ್ಜಿಗೆ ಇದನ್ನು ಹೇಗೆ ಹೇಳಬೇಕೆಂಬುದಕ್ಕೂ ಅವರಲ್ಲೊಂದು ಯುಕ್ತಿಯಿದೆ. ಅದನ್ನು ನನಗೆ ಹೇಳಲಿಲ್ಲ.

ದೋಷಗಳಿಲ್ಲವೆಂದಲ್ಲ. ಅವರು ಮದುವೆ ಮನೆಗೆ ಹೋದರೂ ಪಂಕ್ತಿಯನ್ನು ಎತ್ತರದ ಅನುಕ್ರಮದಲ್ಲಿ ಕೂರಿಸಲು ನೋಡುತ್ತಾರೆ. ವರನ ಪೇಟದ ಗಂಟನ್ನು ಪರೀಕ್ಷಿಸುತ್ತಾರೆ. ಯಾರಾದರೂ ಚೆನ್ನಾಗಿ ಹಾಡಿದರೆ ಶಿಬಿರದ ರೀತಿಯ ತಾಳಬದ್ಧ ಚಪ್ಪಾಳೆಗೆ ಕರೆ ಕೊಟ್ಟು ಬೀಗರನ್ನು ಬೆರಗುಗೊಳಿಸುತ್ತಾರೆ. ಎಡಗೈ ಚಾಚಿ ಹಸ್ತಲಾಘವ ಮಾಡುವ ಅವರ ಸಂಸ್ಥೆಯ ಪದ್ಧತಿಯಿಂದ ಒಬ್ಬ ಮಠದ ಸ್ವಾಮಿಗಳ ಶಿಷ್ಯರು ಬಹುಕಾಲ ಮುನಿಸಿಕೊಂಡಿದ್ದರು. ಅವರ ಯಜಮಾನರು ಸಾಧುಪ್ರಾಣಿ. ಮನೆಯಲ್ಲಿ ಮೂರು ಬೆರಳಿನ ವಂದನೆಗೆ ಮೂರು ಬೆರಳಿನಿಂದಲೇ ಪ್ರತಿವಂದನೆ ಸಲ್ಲಿಸುವುದನ್ನು ಕಲಿತಿದ್ದಾರೆ.

ಶಿಬಿರವು ಮುಗಿದರೂ ಕ್ಯಾಪ್ಟನಮ್ಮನವರಿಗೆ ಮುಗಿಯುವುದಿಲ್ಲ, ಲೆಕ್ಕಪತ್ರವೆಂಬ ಉತ್ತರಕಾಂಡವಿದೆ. ಕಳೆದ ಬೇಸಿಗೆಯಲ್ಲಿ ಅವರು ಒಪ್ಪಿಸಿದ ಲೆಕ್ಕವನ್ನು ಸಂಬಂಧಪಟ್ಟ ಕಚೇರಿಯು ಒಂದೇ ಆಕ್ಷೇಪಣೆಯೊಂದಿಗೆ ಹಿಂದಿರುಗಿಸಿತು: ಬಾಳೆಹಣ್ಣಿನ ಬಾಬ್ತಿಗೆ ಮಾರಾಟಗಾರರ ರುಜುವುಳ್ಳ ರಸೀದಿ ಇಲ್ಲ. ಹಣವನ್ನು ತಾವೇ ಭರಿಸಿ ಸುಮ್ಮನಾಗಬಹುದಿತ್ತು. ಎಷ್ಟೋ ಬಾಬ್ತುಗಳಲ್ಲಿ ಹಾಗೆಯೇ ಮಾಡಿದ್ದಾರೆ. ಆದರೆ ಪ್ರಾಮಾಣಿಕತೆಯ ವಿಷಯದಲ್ಲಿ ಆಕ್ಷೇಪಣೆಯೆಂದರೆ ಅವರಿಗೆ ಸಹಿಸದು. ಬಿಸಿಲಿನಲ್ಲಿ ಸಂತೆಗೆ ಹೋಗಿ, ಬುಟ್ಟಿಯ ಮುಂದೆ ಕುಳಿತಿದ್ದ ಹಣ್ಣಿನ ಮುದುಕಿಯನ್ನು ಪತ್ತೆಹಚ್ಚಿ, ವಿಷಯವನ್ನು ತಿಳಿಸಿದರು. ಕಾಗದವೆಂದರೆ ಸಾಲ, ಸಾಲವೆಂದರೆ ಜಪ್ತಿ ಎಂದು ಬಲ್ಲ ಮುದುಕಿಯು, "ಮಗನ್ನ ಕೇಳ್ದೆ ನಾ ಎಲ್ಲೂ ಹೆಬ್ಬೆಟ್ಟು ಒತ್ತಲ್ಲ ಕಣವ್ವಾ," ಎಂದು ಕೈಯನ್ನು ಸೆರಗಿನಲ್ಲಿ ಅಡಗಿಸಿಕೊಂಡಳು.

ಕ್ಯಾಪ್ಟನಮ್ಮನವರು ಗೋಣಿಯ ಅಂಚಿನಲ್ಲಿ ಕುಳಿತು ಮಂಡಿನೋವಿನ ವಿಚಾರವನ್ನು ಎತ್ತಿದರು. ಅರ್ಧ ಗಂಟೆಯಾಯಿತು. ಬುಟ್ಟಿಯ ಹಿಂದೆ ಚಿಲ್ಲರೆ ಎಣಿಸುತ್ತಿದ್ದ ಹನ್ನೊಂದು ವರ್ಷದ ಹುಡುಗಿ ಮುದುಕಿಯ ಮೊಮ್ಮಗಳೆಂದೂ, ಸರ್ಕಾರಿ ಶಾಲೆಯಲ್ಲಿ ಓದುತ್ತಿರುವಳೆಂದೂ, ಅವಳಿಗೆ ಅಪ್ಪ ಅಮ್ಮ ಇಬ್ಬರೂ ಇಲ್ಲದ್ದರಿಂದ ಅಜ್ಜಿಯೇ ಪೋಷಕಳೆಂದೂ ಆ ಅವಧಿಯಲ್ಲಿ ಗೊತ್ತಾಯಿತು. ಶಾಯಿಯ ಪ್ಯಾಡು ಚೀಲದಿಂದ ಹೊರಬಂದಿತು. ಆ ಮಧ್ಯಾಹ್ನ ಮುದುಕಿಯ ಹೆಬ್ಬೆಟ್ಟು ಎರಡು ಕಡೆ ಬಿತ್ತು: ಒಂದು ಬಾಳೆಹಣ್ಣಿನ ರಸೀದಿಯ ಮೇಲೆ, ಇನ್ನೊಂದು ಮುಂದಿನ ವರ್ಷದ ಅನುಮತಿ ಪತ್ರದ ಮೇಲೆ.