ಕಾರ್ಕಳ ಸೀಮೆಯ ಗ್ರಂಥಪ್ರಿಯರು: ಪ್ರಭೇದ, ಪಥ್ಯ ಮತ್ತು ಹೊಟ್ಟೆಪಾಡು

ಗ್ರಂಥಪ್ರಿಯನೆಂಬ ಜೀವಿಯ ಬಗ್ಗೆ ಹಿಂದಿನ ಪಂಡಿತರು ಹೇಳಿದ್ದೆಲ್ಲ ಒಂದೇ ದೋಷದಿಂದ ಕೆಟ್ಟಿದೆ. ಆ ಜೀವಿ ಪುಸ್ತಕ ಓದುತ್ತದೆ ಎಂದು ಅವರು ವಿಚಾರಣೆಯಿಲ್ಲದೆ ಒಪ್ಪಿಕೊಂಡುಬಿಟ್ಟರು. ಪ್ರಸ್ತುತ ಪ್ರಬಂಧಕಾರನು ಕಾರ್ಕಳ ಸೀಮೆಯನ್ನು ಕ್ಷೇತ್ರವಾಗಿಟ್ಟುಕೊಂಡು, ಪ್ರತ್ಯಕ್ಷ, ಅನುಮಾನ, ಆಪ್ತವಾಕ್ಯ ಎಂಬ ಮೂರು ಪ್ರಮಾಣಗಳ ಬಲದಿಂದ (ಮೂರನೆಯದು ಹೆಚ್ಚಾಗಿ ಹೋಟೆಲಿನಲ್ಲಿ ಗೋಳಿಬಜೆಯ ಜೊತೆಗೆ ದೊರೆತದ್ದು) ಬೇರೆಯೇ ನಿರ್ಣಯಕ್ಕೆ ಬಂದಿದ್ದಾನೆ. ಪುಸ್ತಕವನ್ನು ಪ್ರೀತಿಸುವುದು ಒಂದು ಕೆಲಸ, ಓದುವುದು ಇನ್ನೊಂದು, ಅದರಿಂದ ಹೊಟ್ಟೆ ಹೊರೆಯುವುದು ಮೂರನೆಯದು. ಮೂರೂ ಒಬ್ಬನಲ್ಲೇ ನೆಮ್ಮದಿಯಾಗಿ ಕೂಡಿಬಂದ ನಿದರ್ಶನ ಈ ಸೀಮೆಯಲ್ಲಿ ಕೈಗೆ ಸಿಕ್ಕಿಲ್ಲ.

ಪ್ರಭೇದಗಳಲ್ಲಿ ಅತಿ ಪ್ರಾಚೀನವಾದದ್ದು ದರ್ಶನಪಂಥ. ಇದರ ಮೂಲವನ್ನು ಮೂಡುಬಿದಿರೆಯಲ್ಲಿ ಹುಡುಕಬೇಕು. 1997ರಲ್ಲಿ ಉಡುಪಿ ಜಿಲ್ಲೆ ಬೇರೆಯಾಗುವ ತನಕ ಅದು ಕಾರ್ಕಳ ತಾಲೂಕಿಗೇ ಸೇರಿತ್ತಾದ್ದರಿಂದ ಸೀಮೋಲ್ಲಂಘನದ ಆಕ್ಷೇಪ ಇಲ್ಲಿ ನಿಲ್ಲದು. ಅಲ್ಲಿನ ಬಸದಿಯಲ್ಲಿ ಧವಲಾ, ಜಯಧವಲಾ, ಮಹಾಬಂಧಗಳೆಂಬ ಜೈನ ಗ್ರಂಥಗಳ ತಾಳೆಗರಿ ಕಟ್ಟುಗಳಿದ್ದವು. ಯಾತ್ರಿಕರು ಶತಮಾನಗಳ ಕಾಲ ಬಂದರು, ದರ್ಶನ ಮಾಡಿದರು, ಕೈಮುಗಿದು ಹೋದರು. ಬಿಚ್ಚಿ ಓದುವ ಮಾತೆತ್ತಿದವರು ವಿರಳ. 1896ರ ಹೊತ್ತಿಗೆ ನಕಲು ಮಾಡುವ ಕೆಲಸವೇನೋ ಶುರುವಾಯಿತು, ಆದರೆ ನಕಲುಪ್ರತಿ ಊರು ಬಿಟ್ಟು ಹೊರಗೆ ಹೋಗುವಂತಿರಲಿಲ್ಲ. ನಕಲಿಗೆ ಕೂತ ಗಜಪತಿ ಶಾಸ್ತ್ರಿಗಳು ಹೆಂಡತಿಯ ನೆರವಿನಿಂದ ಗುಟ್ಟಾಗಿ ಇನ್ನೊಂದು ಕನ್ನಡ ಪ್ರತಿಯನ್ನು ಮಾಡಿಟ್ಟುಕೊಂಡ ಕಾರಣದಿಂದಲೇ, 9ನೆಯ ಶತಮಾನದ ವೀರಸೇನಾಚಾರ್ಯರ ಧವಲಾ ವ್ಯಾಖ್ಯಾನ ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ 1939ರಿಂದ ಅಚ್ಚಾಗತೊಡಗಿತು. ಹದಿನಾರು ಸಂಪುಟ ಮುಗಿಯುವಾಗ 1958. ಗಂಡ ಹೆಂಡತಿ ಇಬ್ಬರೂ ಕೂತು ಒಂದೇ ಪುಸ್ತಕದ ಮೇಲೆ ಇಷ್ಟು ದುಡಿದದ್ದಕ್ಕೆ ಈ ಪ್ರಾಂತದಲ್ಲಿ ಇದಕ್ಕಿಂತ ಹಳೆಯ ದಾಖಲೆ ಪ್ರಬಂಧಕಾರನಿಗೆ ಗೊತ್ತಿಲ್ಲ.

ದರ್ಶನಪಂಥ ಇಂದಿಗೂ ನಶಿಸಿಲ್ಲ. ಚಾವಡಿಯ ಗಾಜಿನ ಕಪಾಟಿನಲ್ಲಿ ಕಿಟ್ಟೆಲ್ ನಿಘಂಟು, 'ಭರತೇಶ ವೈಭವ', ಶಿವರಾಮ ಕಾರಂತರ ಕಾದಂಬರಿಗಳು ಸಾಲಾಗಿ ನಿಂತಿರುತ್ತವೆ. ಬೀಗದ ಕೈ ಮುಂಬೈಯಲ್ಲಿರುವ ಮಗನ ಹತ್ತಿರ ಇರುತ್ತದೆ.

ಎರಡನೆಯದು ಮೆರವಣಿಗೆ ಪಂಥ. ಕಾರ್ಕಳವನ್ನಾಳಿದ ಭೈರರಸರ ಆಶ್ರಯದಲ್ಲಿದ್ದ ಕವಿ ರತ್ನಾಕರವರ್ಣಿ 16ನೆಯ ಶತಮಾನದಲ್ಲಿ 'ಭರತೇಶ ವೈಭವ'ವನ್ನು ಬರೆದು ಮುಗಿಸಿ, ಅದನ್ನು ಆನೆಯ ಮೇಲಿಟ್ಟು ಮೆರವಣಿಗೆ ಮಾಡಿಸಬೇಕೆಂದು ಬಯಸಿದನಂತೆ. ಕೆಲವು ಪದ್ಯಗಳು ಶಾಸ್ತ್ರಕ್ಕೆ ಒಪ್ಪುವುದಿಲ್ಲವೆಂದು ಗುರುಪೀಠ ತಡೆಯಿತಂತೆ. ಕವಿ ಮುನಿದು ಮತವನ್ನೇ ಬದಲಿಸಿ, ಮತ್ತೆ ಹಿಂದೆ ಬಂದನಂತೆ. ಐತಿಹ್ಯವಾದರೂ ಇದರಲ್ಲಿ ಶಾಸ್ತ್ರೀಯ ಮಹತ್ವದ ಅಂಶವೊಂದಿದೆ. ಹತ್ತಿರ ಹತ್ತಿರ ಹತ್ತು ಸಾವಿರ ಸಾಂಗತ್ಯ ಪದ್ಯಗಳ ರಾಶಿಯಲ್ಲಿ ಎರಡು ಮೂರನ್ನು ಹೆಕ್ಕಿ ಆಕ್ಷೇಪಿಸಬೇಕಾದರೆ ಉಳಿದವನ್ನೂ ಓದಿರಲೇಬೇಕು. ಆದ್ದರಿಂದ ಸೀಮೆಯ ಮೊದಲ ದಾಖಲಿತ ಓದುಗ ಅಭಿಮಾನಿಯಲ್ಲ, ಆಕ್ಷೇಪಕ. ಈಗ ಆನೆಯ ಬದಲು ಶಾಮಿಯಾನ ಬಂದಿದೆ, ರಿಬ್ಬನ್ನು ಬಂದಿದೆ, ಬಿಡುಗಡೆಯಾದ ಪುಸ್ತಕವನ್ನು ಎದೆಗೆ ಹಿಡಿದು ಫೋಟೋ ತೆಗೆಸುವ ಕ್ರಮ ಬಂದಿದೆ. ಆಕ್ಷೇಪ ಮಾತ್ರ ಬರುವುದಿಲ್ಲ.

ಮೂರನೆಯವರು ಖಂಡನಾರ್ಥ ವಾಚಕರು, ಅಂದರೆ ತಾಳಮದ್ದಳೆಯ ಅರ್ಥಧಾರಿಗಳು. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ ಹೇಳಿದ ಮೇಲೆ ಕೂತಲ್ಲಿಂದಲೇ ಎದುರಾಳಿಯನ್ನು ಮಾತಿನಲ್ಲಿ ಮುಗಿಸಬೇಕು. ವ್ಯಾಸಭಾರತದಿಂದ ಕುಮಾರವ್ಯಾಸನವರೆಗೆ ಇವರು ನಿಜವಾಗಿಯೂ ಓದುತ್ತಾರೆ ಎಂಬುದನ್ನು ಒಪ್ಪಬೇಕು. ಉದ್ದೇಶ ಮಾತ್ರ ಎದುರು ಕೂತ ಕೃಷ್ಣನ ಬಾಯಿ ಕಟ್ಟುವುದು. ಆಟಿಯ ಮಳೆಯಲ್ಲಿ ಪರವೂರಿನವರು ಪುಸ್ತಕದ ಬಗ್ಗೆ ಮಾತಾಡಲು ಕೂಟ ಕಟ್ಟಿಕೊಂಡರೆ ಒಬ್ಬರಿಗೊಬ್ಬರು ಚಂದ ಚಂದ ಎಂದು ತಲೆದೂಗುತ್ತಾರೆ. ಇಲ್ಲಿ ಕರ್ಣ ಸರಿಯೋ ಕೃಷ್ಣ ಸರಿಯೋ ಎಂದು ಬೆಳಗಿನ ಜಾವದವರೆಗೆ ಜಗಳ. ಯಾವುದರಲ್ಲಿ ಸಾಹಿತ್ಯ ಹೆಚ್ಚು ಎಂದು ಪ್ರಬಂಧಕಾರನನ್ನು ಕೇಳಿದರೆ ಎರಡನೆಯದರಲ್ಲೇ ಎನ್ನುತ್ತಾನೆ, ಪಾಂಡಿತ್ಯದ ನಿಷ್ಪಕ್ಷಪಾತವನ್ನು ಕ್ಷಣ ಬದಿಗಿಟ್ಟು.

ಸಾಮಾನ್ಯ ಗ್ರಂಥಪ್ರಿಯರು ರುಚಿ ಹಂಚಿಕೊಳ್ಳುವ ವಿಧಿ ಚಿಕ್ಕದು.

"ಈಗ ಎಂತ ಓದ್ತಾ ಇದ್ದೀರಿ ಮಾರಾಯ್ರೆ?"

"ಈಗ ಎಂತದ್ದೂ ಇಲ್ಲ. ಮೊದಲು ಭಾರೀ ಓದ್ತಿದ್ದೆ. ಕಾರಂತರದ್ದು ಎಲ್ಲ ಆಗಿದೆ."

ಕಾರಂತರು ಬರೆದ ಕಾದಂಬರಿಗಳೇ ನಲ್ವತ್ತಕ್ಕೂ ಹೆಚ್ಚು. ಅದರ ಮೇಲೆ ನಾಟಕ, ಯಕ್ಷಗಾನ ಸಂಶೋಧನೆ, 'ವಿಜ್ಞಾನ ಪ್ರಪಂಚ'ದ ದಪ್ಪ ಸಂಪುಟಗಳು. ಎಲ್ಲ ಆಗಿದೆ ಎನ್ನುವವರ ಸಂಖ್ಯೆಯನ್ನೂ ಮಾರಾಟವಾದ ಪ್ರತಿಗಳನ್ನೂ ತಾಳೆ ನೋಡಿದರೆ ಒಂದೊಂದು ಪ್ರತಿ ಇಡೀ ಮಾಗಣೆಯನ್ನು ಸುತ್ತಿರಬೇಕು. ಹಾಗೆ ಸುತ್ತಿದ್ದೂ ಹೌದು, ಮಾಲೀಕನ ಮನೆಯೊಂದನ್ನು ಬಿಟ್ಟು.

ಇನ್ನು ಹೊಟ್ಟೆಪಾಡು. ಎಸ್.ಆರ್. ರಂಗನಾಥನ್ 1931ರಲ್ಲಿ ಗ್ರಂಥಾಲಯಕ್ಕೆ ಐದು ಸೂತ್ರಗಳನ್ನು ಕೊಟ್ಟರು. ಪ್ರತಿ ಪುಸ್ತಕಕ್ಕೂ ಒಬ್ಬ ಓದುಗ ಇದ್ದಾನೆ ಎಂಬ ಅರ್ಥದ ಮೂರನೆಯದು ಇಲ್ಲಿಯೂ ಸತ್ಯ, ಆದರೆ ಆ ಓದುಗ ಮುಂಬೈಗೋ ಕೊಲ್ಲಿ ದೇಶಕ್ಕೋ ಹೋಗಿ ಆಗಿದೆ. ನಾಲ್ಕನೆಯದು ಓದುಗನ ಸಮಯ ಉಳಿಸಬೇಕೆನ್ನುತ್ತದೆ. ಪುಸ್ತಕ ಕೇಳಲು ಹೋದವನಿಗೆ "ಇಲ್ಲ್ ಓಲು?" ಎಂದು ಮೊದಲು ಮನೆಯ ಠಿಕಾಣಿ ಕೇಳಿ, ಅಜ್ಜನ ಗುರುತು ಹತ್ತಿ, ತೀರಿಹೋದ ದೊಡ್ಡಪ್ಪನ ವಿಷಯ ಮುಗಿದ ಮೇಲೆ ಪುಸ್ತಕದ ಹೆಸರು ಬರುವ ಊರಿನಲ್ಲಿ ಈ ಸೂತ್ರಕ್ಕೆ ಅಪವಾದ ಹೇಳಲೇಬೇಕು. ಕರ್ನಾಟಕದ ಸಾರ್ವಜನಿಕ ಗ್ರಂಥಾಲಯ ಕಾಯಿದೆ 1965ರದ್ದು. ಆಸ್ತಿ ತೆರಿಗೆಯ ಮೇಲೆ ಶೇಕಡಾ 6ರಂತೆ ಗ್ರಂಥಾಲಯ ಕರ ಬೀಳುತ್ತದೆ. ಹಾಗಾಗಿ ಮನೆತೆರಿಗೆ ಕಟ್ಟಿದವರೆಲ್ಲ ಕಾನೂನಿನ ಪ್ರಕಾರ ಪುಸ್ತಕಪೋಷಕರು. ಇದನ್ನು ಅವರಿಗೆ ತಿಳಿಸುವ ಧೈರ್ಯ ಯಾರಿಗೂ ಬಂದಿಲ್ಲ.

ಗ್ರಂಥಪಾಲಕರ ಬಗ್ಗೆ ಹೆಣ್ಣು ಕೊಡುವವರಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ: "ಆರಾಮ ಕೆಲಸ ಅಲ್ವಾ, ಕೂತು ಓದಿದ್ರೆ ಆಯ್ತು." ವಾಸ್ತವದಲ್ಲಿ ಅವರು ಪುಸ್ತಕದ ಬೆನ್ನನ್ನು ಓದುತ್ತಾರೆ, ರಿಜಿಸ್ಟರ್ ಓದುತ್ತಾರೆ, ವರ್ಷಕ್ಕೊಮ್ಮೆ ಕಾಣೆಯಾದವುಗಳ ಪಟ್ಟಿ ಓದುತ್ತಾರೆ. ಕರಡು ತಿದ್ದುವವರ ಪಾಡು ಇದಕ್ಕಿಂತ ಕಷ್ಟ. 1970ರಲ್ಲಿ ಮಣಿಪಾಲದಿಂದ 'ಉದಯವಾಣಿ' ಹೊರಡತೊಡಗಿದ ಮೇಲೆ ಅಕ್ಷರ ಬಲ್ಲವರಿಗೆ ಈ ಕಡೆ ಒಂದು ಸಂಬಳದ ದಾರಿ ತೆರೆಯಿತು. ಆದರೆ ಅಲ್ಪಪ್ರಾಣ ಮಹಾಪ್ರಾಣಗಳ ಕಾವಲಿಗೆ ಕೂತವರಿಗೆ ಕತೆಯಲ್ಲಿ ನಾಯಕಿ ಸತ್ತರೂ ಗೊತ್ತಾಗುವುದಿಲ್ಲ, ಅವಳ ಹೆಸರಿನ ದೀರ್ಘ ಬಿಟ್ಟುಹೋದರೆ ಗೊತ್ತಾಗುತ್ತದೆ.

ಬೈಂಡಿಂಗ್ ಮಾಡುವವರು ಮಾತ್ರ ಸುಖಿಗಳು. ಈ ಮಳೆಯಲ್ಲಿ ಪುಸ್ತಕಕ್ಕೆ ಬೂಷ್ಟು ಹಿಡಿಯದೆ ಇರುವುದಿಲ್ಲ, ಒರಲೆ ಬರದೆ ಇರುವುದಿಲ್ಲ, ಆದ್ದರಿಂದ ಕೆಲಸಕ್ಕೆ ಬರವಿಲ್ಲ. ಮೈದಾದ ಅಂಟಿಗೆ ಅವರು ಚಿಟಿಕೆ ಮೈಲುತುತ್ತು ಸೇರಿಸುತ್ತಾರೆ. ಅಡಿಕೆ ತೋಟದವರು ಕೊಳೆರೋಗಕ್ಕೆ ಸುಣ್ಣದ ಜೊತೆ ಬೆರೆಸಿ ಬೋರ್ಡೋ ದ್ರಾವಣ ಮಾಡಿ ಹೊಡೆಯುವುದೂ ಅದೇ ಮೈಲುತುತ್ತನ್ನೇ. ಸೀಮೆಯಲ್ಲಿ ಕೃಷಿಗೂ ಸಾಹಿತ್ಯಕ್ಕೂ ಇರುವ ಸಂಬಂಧದ ಕುರಿತು ಆಗುವ ಭಾಷಣಗಳಲ್ಲಿ ಈ ಒಂದು ನಿಜಾಂಶ ಯಾಕೋ ಬಿಟ್ಟುಹೋಗುತ್ತದೆ.

ಪೂರ್ವಪಕ್ಷ: ಹಾಗಾದರೆ ಪುಸ್ತಕದ ನಿಜವಾದ ಮೋಹ ಇದ್ದವನು ಯಾವ ಕೆಲಸ ಹಿಡಿಯಬೇಕು? ಉತ್ತರಪಕ್ಷ: ಡ್ರಿಲ್ ಮಾಸ್ತರಿಕೆ. ಕಾರ್ಕಳ ತಾಲೂಕಿನ ನಂದಳಿಕೆಯಲ್ಲಿ 1870ರಲ್ಲಿ ಹುಟ್ಟಿದ ಲಕ್ಷ್ಮೀನಾರಣಪ್ಪ ಉಡುಪಿಯಲ್ಲಿ ಮಕ್ಕಳಿಗೆ ಕಸರತ್ತು ಕಲಿಸುತ್ತಿದ್ದರು, ಸಂಬಳ ಅದರದ್ದು. ಬರೆದದ್ದು ಯಕ್ಷಗಾನ ಪ್ರಸಂಗ, 'ಅದ್ಭುತ ರಾಮಾಯಣ', 'ಶ್ರೀರಾಮ ಪಟ್ಟಾಭಿಷೇಕ', 'ಶ್ರೀರಾಮಾಶ್ವಮೇಧ'. ಬರೆದದ್ದನ್ನು ತನ್ನದೆನ್ನದೆ, ಹಳೆಯ ಕೃತಿಯೊಂದು ಸಿಕ್ಕಿದೆ ಎಂಬ ನೆಪದಿಂದ ಮೈಸೂರಿನ ಸಂಪಾದಕರಿಗೆ ಕಳಿಸಿದರು. ಆ ಗದ್ಯ ಎಷ್ಟು ಹದವಾಗಿ ಹಳತಾಗಿತ್ತೆಂದರೆ ವಿದ್ವಾಂಸರು ನಂಬಿದರು. ಹೊಸ ಪುಸ್ತಕಕ್ಕೆ ಮರ್ಯಾದೆ ಸಿಗಬೇಕಾದರೆ ಅದು ತಾಳೆಗರಿಯ ಕಾಲದ್ದಾಗಿರಬೇಕು ಎಂಬುದನ್ನು ದರ್ಶನಪಂಥದ ನೆರೆಯಲ್ಲಿ ಬೆಳೆದ ಹುಡುಗ ಸರಿಯಾಗಿಯೇ ಅರಿತಿದ್ದ. ಬಡತನ, ಕ್ಷಯ; 1901ರಲ್ಲಿ ತೀರಿಕೊಂಡಾಗ ವಯಸ್ಸು ಮೂವತ್ತೊಂದು. ಮುದ್ದಣನೆಂಬ ಕವಿಯೆಂದರೆ ಈ ಮಾಸ್ತರರೇ ಎಂದು ಲೋಕಕ್ಕೆ ಚೆನ್ನಾಗಿ ತಿಳಿದದ್ದು ಆಮೇಲೆ. ಇಲ್ಲಿ ಅಣಕಿಸಲು ಪ್ರಬಂಧಕಾರನಿಗೆ ಏನೂ ತೋಚುವುದಿಲ್ಲ.

ಆದರೆ ಸೀಮೆಗೆ ಅವರು ಬಿಟ್ಟುಹೋದ ಆದರ್ಶ ಓದುಗ ಯಾರು? 'ಶ್ರೀರಾಮಾಶ್ವಮೇಧ'ದಲ್ಲಿ ಮುದ್ದಣನಿಂದ ಕತೆ ಕೇಳುವ ಮಡದಿ ಮನೋರಮೆ. ಹೊರಗೆ ಮಳೆಗಾಲ, ಹೊತ್ತು ಹೋಗದು, ಕತೆ ಹೇಳು ಎನ್ನುತ್ತಾಳೆ. ಪದ್ಯ ಬೇಡ, ಗದ್ಯ ಇರಲಿ ಎಂದು ಮೊದಲೇ ಷರತ್ತು ಹಾಕುತ್ತಾಳೆ. ನಡುನಡುವೆ ತಡೆದು ಪ್ರಶ್ನೆ ಕೇಳುತ್ತಾಳೆ, ನಗುತ್ತಾಳೆ, ಸಿಟ್ಟಾಗುತ್ತಾಳೆ, ಗಂಡನ ಪಾಂಡಿತ್ಯವನ್ನು ಅಲ್ಲಲ್ಲೇ ಇಳಿಸುತ್ತಾಳೆ. ಅವಳಿಗೆ ಗಾಜಿನ ಕಪಾಟಿಲ್ಲ, ಎಲ್ಲ ಓದಿ ಆಗಿದೆ ಎಂಬ ಜಂಬವಿಲ್ಲ, ಪುಸ್ತಕದಿಂದ ಸಂಬಳವೂ ಇಲ್ಲ. ಪ್ರೀತಿ, ಓದು, ಹೊಟ್ಟೆಪಾಡು ಈ ಮೂರರಲ್ಲಿ ಮೊದಲೆರಡು ಜಗಳವಿಲ್ಲದೆ ಕೂಡಿದ್ದು ಅವಳೊಬ್ಬಳಲ್ಲಿ. ಜಗಳವೆಲ್ಲ ಕವಿಯ ಜೊತೆಗೆ.

ಆಕೆಯ ಮಾತುಗಳನ್ನು ಇನ್ನಷ್ಟು ವಿಸ್ತಾರವಾಗಿ ಪರಿಶೀಲಿಸುವ ಇರಾದೆ ಪ್ರಬಂಧಕಾರನಿಗೆ ಇತ್ತು. ಅದಕ್ಕೆ ಬೇಕಾದ 'ಶ್ರೀರಾಮಾಶ್ವಮೇಧ'ದ ಪ್ರತಿಯನ್ನು ಹಿಂದಿನ ಮಳೆಗಾಲದಲ್ಲಿ "ಎರಡು ದಿನಕ್ಕೆ" ಎಂದು ಕೊಂಡುಹೋದ ಮಹನೀಯರು ಇದನ್ನು ಓದುತ್ತಿದ್ದರೆ ದಯವಿಟ್ಟು ಹಿಂದೆ ಕೊಡಬೇಕು. ಬೂಷ್ಟು ಹಿಡಿದಿದ್ದರೂ ಪರವಾಗಿಲ್ಲ. ಓದದೆ ಕೊಟ್ಟರೂ ಅಡ್ಡಿಯಿಲ್ಲ.