ಪಾಲ್ಗೊಳ್ಳಲು ಬನ್ನಿ, ಪೊರಕೆ ತನ್ನಿ

ಮಹಾರಾಷ್ಟ್ರದ ಕಿಲ್ಲಾರಿಯ ಸುತ್ತ ಭೂಕಂಪದ ನಂತರ ಕಟ್ಟಿಕೊಟ್ಟ ಊರುಗಳಲ್ಲಿ ಬೆರಣಿಗೆ ಸಿಕ್ಕಷ್ಟು ಒಳ್ಳೆಯ ಮನೆ ಮನುಷ್ಯರಿಗೂ ಸಿಗಲಿಲ್ಲ. ನಾಲ್ಕು ಕಡೆ ಗಟ್ಟಿ ಗೋಡೆ, ಬಾಗಿಲಿಗೆ ಚಿಲಕ, ಮಳೆಗೆ ಸೋರದ ಸೂರು. ಬೆರಣಿಯ ಜೊತೆಗೆ ಸೌದೆ, ಹಳೆ ಗೋಣಿಚೀಲ, ಮುರಿದ ಕುಂಟೆ. ನಕಾಶೆಯಲ್ಲಿ ಆ ಕೋಣೆಯ ಹೆಸರು ಶೌಚಾಲಯ.

1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ, ಗಣಪತಿ ಕಳಿಸಿ ಬಂದು ಮಲಗಿದ್ದ ಊರುಗಳು ಮಲಗಿದಲ್ಲೇ ಮಣ್ಣಾದವು. ಇತ್ತ ನಮ್ಮ ಬೀದರ, ಕಲಬುರಗಿಯಲ್ಲೂ ನೆಲ ನಡುಗಿತು. ಆಮೇಲೆ ವಿಶ್ವಬ್ಯಾಂಕಿನ ಸಾಲ ಬಂತು. ಹೆಚ್ಚು ಹಾಳಾದ 52 ಊರುಗಳನ್ನು ಪೂರ್ತಿಯಾಗಿ ಬೇರೆಡೆ ಕಟ್ಟಿದರು. ಹೆಚ್ಚು ಜಮೀನಿದ್ದವನಿಗೆ 750 ಚದರಡಿ, ಜಮೀನಿಲ್ಲದವನಿಗೆ 250. ಭೂಕಂಪ ಒಂದೇ ರಾತ್ರಿಯಲ್ಲಿ ಅಳಿಸಿದ್ದ ಮೇಲು-ಕೀಳನ್ನು ಎಂಜಿನಿಯರು ಸ್ಕೇಲು ಹಿಡಿದು ಮತ್ತೆ ಬರೆದ. ಇನ್ನು ಶೌಚಾಲಯ. ಕೊಡ ಹೊತ್ತು ತಂದ ನೀರನ್ನು ಒಲೆಯ ಮೇಲಿಡಬೇಕೋ ಗುಂಡಿಗೆ ಸುರಿಯಬೇಕೋ ಎಂದು ತೀರ್ಮಾನಿಸಲು ಮನೆಯಾಕೆಗೆ ತಜ್ಞರ ಸಲಹೆ ಬೇಕಾಗಲಿಲ್ಲ. ಬೆರಣಿಯ ಗೃಹಪ್ರವೇಶವಾಯಿತು. ಇದನ್ನೇ ಸರ್ಕಾರಿ ಕನ್ನಡದಲ್ಲಿ ‘ಅರಿವಿನ ಕೊರತೆ’ ಎನ್ನುತ್ತಾರೆ. ನೀರಿನ ಕೊರತೆ ಎಂದರೆ ಇಲಾಖೆಗೆ ತಾಗುತ್ತದೆ, ಅರಿವಿನದೆಂದರೆ ಊರಿಗೆ.

2001ರ ಜನವರಿ 26ರಂದು, ಬಾವುಟ ಹಾರಿಸುವ ಹೊತ್ತಿಗೆ, ಕಛ್ ನಡುಗಿತು. ಅಷ್ಟರಲ್ಲಿ ದೊಡ್ಡವರಿಗೆ ಜ್ಞಾನೋದಯವಾಗಿತ್ತು: ಜನರನ್ನು ಕೇಳಬೇಕು! ಗುಜರಾತಿನಲ್ಲಿ 2002ರಲ್ಲಿ ಹಳ್ಳಿಯ ನೀರು ನೋಡಿಕೊಳ್ಳಲು ‘ವಾಸ್ಮೋ’ ಎಂಬ ಸಂಸ್ಥೆ ಹುಟ್ಟಿತು, ಊರೂರಿಗೆ ‘ಪಾಣಿ ಸಮಿತಿ’, ಅಂದರೆ ನೀರು ಸಮಿತಿ, ಬಂತು. ಸಮಿತಿಯೇ ಯೋಜನೆ ಮಾಡಬೇಕು, ಲೆಕ್ಕ ಇಡಬೇಕು, ಪೈಪು ಹೂಳಿಸಬೇಕು, ಆಮೇಲೆ ನೋಡಿಕೊಳ್ಳಬೇಕು. ಜೊತೆಗೆ ವೆಚ್ಚದ ಶೇಕಡಾ 10ರಷ್ಟನ್ನು ಊರೇ ಕೊಡಬೇಕು. ಯಾಕೆ? ‘ಇದು ನಮ್ಮದು’ ಎಂಬ ಭಾವನೆ ಬರಲಿ ಎಂದು. ಮನೆಯ ಗೋಡೆ ಬಿದ್ದವನಲ್ಲಿ ಒಡೆತನದ ಭಾವನೆ ಕಡಿಮೆಯಾಗಿರುವುದು ಸಹಜ ತಾನೆ.

ಸುಳ್ಳೇಕೆ ಹೇಳಲಿ, ಕೆಲಸ ನಡೆಯಿತು. ನಾಳೆ ತಾನೇ ಕುಡಿಯಬೇಕಾದ ಟ್ಯಾಂಕಿಗೆ ಎಷ್ಟು ಸಿಮೆಂಟು ಬಿತ್ತು ಎಂದು ನಿಂತು ನೋಡುವ ಅಜ್ಜಿಗಿಂತ ಒಳ್ಳೆಯ ಗುಣಮಟ್ಟ ಪರೀಕ್ಷಕ ಯಾವ ಇಲಾಖೆಯಲ್ಲೂ ಇಲ್ಲ. 2009ರಲ್ಲಿ ವಿಶ್ವಸಂಸ್ಥೆಯೂ ವಾಸ್ಮೋಗೆ ಪ್ರಶಸ್ತಿ ಕೊಟ್ಟಿತು. ನನ್ನ ತಕರಾರು ಸಮಿತಿಯ ಮೇಲಲ್ಲ, ಅದನ್ನು ಕಲಿಸಲು ಹೊರಟವರ ಗತ್ತಿನ ಮೇಲೆ. ಕಛ್‌ನ ಬನ್ನಿ ಹುಲ್ಲುಗಾವಲಿನಲ್ಲಿ ನೆಲದಡಿ ಉಪ್ಪುನೀರು. ಮಳೆಯ ಸಿಹಿನೀರು ಅದರ ಮೇಲೆ ತೆಳುವಾಗಿ ತೇಲಿ ನಿಲ್ಲುತ್ತದೆ. ಅಲ್ಲಿನ ದನಗಾಹಿ ಮಾಲ್ಧಾರಿಗಳು ತಗ್ಗುಗಳಲ್ಲಿ ‘ವಿರ್ಡಾ’ ಎಂಬ ಆಳವಿಲ್ಲದ ಬಾವಿ ತೋಡಿ, ಆ ಸಿಹಿಪದರವನ್ನಷ್ಟೇ ಎತ್ತಿಕೊಂಡು ತಲೆಮಾರುಗಳಿಂದ ಬದುಕಿದ್ದಾರೆ. ಇಂಥವರ ನಾಡಿಗೆ ನಾವು ಚಾರ್ಟು, ಸ್ಕೆಚ್ ಪೆನ್ನು ಹಿಡಿದು ನೀರಿನ ಪಾಠ ಹೇಳಲು ಹೋಗುತ್ತೇವೆ. ನಮ್ಮ ನೀರಗಂಟಿಗೂ ಇದೇ ಗತಿ: ಕೆರೆಯ ತೂಬೆತ್ತಿ ಗದ್ದೆಗದ್ದೆಗೆ ನೀರು ಹಂಚುತ್ತಿದ್ದವನನ್ನು ಮರೆತು, ಅವನ ಮೊಮ್ಮಗನಿಗೆ ‘ಸಮುದಾಯ ನಿರ್ವಹಣೆ’ಯ ಎರಡು ದಿನದ ತರಬೇತಿ, ಮಧ್ಯಾಹ್ನ ಊಟದ ಸಮೇತ.

ಈಗ ಈ ಪದ್ಧತಿ ಭೂಕಂಪಕ್ಕೂ ಕಾಯುವುದಿಲ್ಲ. 2019ರಿಂದ ಜಲ ಜೀವನ್ ಮಿಷನ್ ದೇಶದ ಹಳ್ಳಿಹಳ್ಳಿಗೂ ಇದನ್ನೇ ತಂದಿದೆ. ನೀರು ಸಮಿತಿ, ಅದರಲ್ಲಿ ಕನಿಷ್ಠ ಅರ್ಧ ಹೆಂಗಸರು, ಊರೊಳಗಿನ ಕೆಲಸಕ್ಕೆ ಶೇಕಡಾ 5 ಇಲ್ಲವೇ 10 ವಂತಿಗೆ. ಪೂರಾ ಕೊಡ ಹೊತ್ತವಳಿಗೆ ಅರ್ಧ ಸಮಿತಿ.

ಆದರೆ ಬೆಂಗಳೂರನ್ನು ನೋಡಿ. ಸುಮಾರು 100 ಕಿಲೋಮೀಟರ್ ದೂರದಿಂದ, ಅರ್ಧ ಕಿಲೋಮೀಟರ್ ಎತ್ತರಕ್ಕೆ ಕಾವೇರಿಯನ್ನು ಪಂಪು ಮಾಡಿ ತರುತ್ತಾರೆ. ನಲ್ಲಿ ತಿರುಗಿಸುವ ನಮ್ಮನ್ನು ಯಾರಾದರೂ ಪೈಪು ಹೂಳುವುದನ್ನು ಕಾಯಲು ಕರೆದಿದ್ದಾರೆಯೇ? ವಾಲ್ವ್ ಕೆಟ್ಟರೆ ರಿಪೇರಿಗೆ ಮನೆಮನೆಗೆ ಚಂದಾ ಎತ್ತಿದ್ದೇವೆಯೇ? ಒಳಚರಂಡಿ ಕಟ್ಟಿಕೊಂಡರೆ ನಮ್ಮಲ್ಲಿ ಅರಿವಿನ ಕೊರತೆಯಿದೆ ಎಂದು ಬೀದಿನಾಟಕದವರು ಬಂದದ್ದುಂಟೇ? ನಾವು ಬಿಲ್ಲು ಕಟ್ಟುತ್ತೇವೆ, ಫೋನು ಮಾಡುತ್ತೇವೆ, ಬೈಯುತ್ತೇವೆ. ಅಷ್ಟಕ್ಕೆ ನಾವು ನಾಗರಿಕರು. ಹಳ್ಳಿಯವರು ಮಾತ್ರ ಸಮುದಾಯ. ಮನೆ ಬಿದ್ದಿರಲಿ, ಹೆಣ ಎತ್ತಿ ತಿಂಗಳಾಗದಿರಲಿ, ಅವರು ಪಾಲ್ಗೊಳ್ಳಲೇಬೇಕು.

ಪಾಲ್ಗೊಳ್ಳುವಿಕೆ ಅಷ್ಟು ಪಾವನವಾದರೆ ನಮಗೇಕೆ ತಪ್ಪಿಸುವುದು? ಬರುವ ಭಾನುವಾರ ಬೆಳಿಗ್ಗೆ ಏಳಕ್ಕೆ ನಮ್ಮ ಅಪಾರ್ಟ್‌ಮೆಂಟಿನ ಮೇಲಿನ ಟ್ಯಾಂಕು ತೊಳೆಯುವುದಿದೆ. ಎಲ್ಲ ನಿವಾಸಿಗಳೂ ದಯಮಾಡಿ ಬನ್ನಿ. ಪೊರಕೆ ನಿಮ್ಮದೇ ತನ್ನಿ.