ರಫ್ತು ಬಾಗಿಲ ಸಾಹೇಬರಿಗೆ, ಕಾರಟಗಿಯಿಂದ

ದೆಹಲಿಯಲ್ಲಿ ಕುಳಿತು ರಫ್ತಿನ ಬಾಗಿಲು ತೆರೆದು ಮುಚ್ಚುವ ಸನ್ಮಾನ್ಯ ಸಾಹೇಬರಿಗೆ, ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ರೈತನ ಶರಣು.

ಉಭಯಕುಶಲೋಪರಿ, ನಿಮಗೊಂದು ಧನ್ಯವಾದ ಹೇಳುವುದು ಬಾಕಿ ಇತ್ತು. ಭತ್ತಕ್ಕೆ ಒಳ್ಳೆಯ ಬೆಲೆ ಬರುವ ಅಪಾಯ ಎದುರಾದಾಗಲೆಲ್ಲ ನೀವು ನಿದ್ದೆಗೆಟ್ಟು ನನ್ನನ್ನು ಕಾಪಾಡಿದ್ದೀರಿ. 2022ರ ಸೆಪ್ಟೆಂಬರಿನಲ್ಲಿ ನುಚ್ಚಕ್ಕಿಗೆ ನಿಷೇಧ, ಬಾಸ್ಮತಿಯಲ್ಲದ ಬಿಳಿ ಅಕ್ಕಿಗೆ ಶೇ 20 ಸುಂಕ. ಅದೂ ಸಾಲದೆಂದು 2023ರ ಜುಲೈ 20ರಂದು ಆ ಬಿಳಿ ಅಕ್ಕಿಗೆ ಪೂರ್ತಿ ಬೀಗ. ಮರುತಿಂಗಳು ಕುಚ್ಚಲಕ್ಕಿಗೂ ಸುಂಕ. ಬೆಲೆ ಏರಿದ ವಾಸನೆ ಬಡಿದರೆ ಸಾಕು, ನಿಮ್ಮ ಕೈ ಎಷ್ಟು ಚುರುಕು! ಬೆಲೆ ಬಿದ್ದಾಗ ಮಾತ್ರ ಅದೇ ಕೈಗೆ ಸಮಿತಿ, ಸಭೆ, ಪರಿಶೀಲನೆ ಎಂದು ನೂರು ಕೆಲಸ.

ಜುಲೈ ಆದೇಶದಲ್ಲಿ ನಿಮ್ಮ ಕರುಣೆಯೂ ಕಂಡಿತು. ಅಷ್ಟರೊಳಗೆ ಹಡಗಿಗೆ ತುಂಬಲು ಶುರು ಮಾಡಿದ್ದವರಿಗೆ ವಿನಾಯಿತಿ ಕೊಟ್ಟಿರಿ. ನ್ಯಾಯವೇ. ನಂಬಿ ಕೆಲಸಕ್ಕಿಳಿದವನನ್ನು ನಡುದಾರಿಯಲ್ಲಿ ಕೈಬಿಡಬಾರದು. ನಾವೂ ಆ ಹೊತ್ತಿಗೆ ಮುಂಗಾರಿನ ಬೀಜ, ಗೊಬ್ಬರಕ್ಕೆ ಸಾಲ ಎತ್ತಿಯಾಗಿತ್ತು. ಸಾಲ ಹಡಗಲ್ಲವಲ್ಲ, ಬಿಡಿ.

ಬೀಗದ ಸುದ್ದಿ ಕೇಳಿ ಅಮೆರಿಕದಲ್ಲಿ ನಮ್ಮವರು ಸೋನಾ ಮಸೂರಿ ಚೀಲಕ್ಕಾಗಿ ಅಂಗಡಿಗಳಿಗೆ ಮುಗಿಬಿದ್ದದ್ದನ್ನು ಮೊಬೈಲಿನಲ್ಲಿ ನೋಡಿ ಹಿಗ್ಗಿದೆವು. ಹಿಗ್ಗಿಗೆ ಸುಂಕವಿಲ್ಲ.

ಕೂಲಿ ಮಾಡುವವರು ಅಗ್ಗದ ಅಕ್ಕಿ ಉಣ್ಣಲಿ, ಅದಕ್ಕೆ ನನ್ನ ತಕರಾರಿಲ್ಲ. ಆ ಪುಣ್ಯದ ಖರ್ಚನ್ನು ಖಜಾನೆಯ ಲೆಕ್ಕಕ್ಕೆ ಬರೆಯದೆ ನನ್ನ ಲೆಕ್ಕಕ್ಕೆ ಯಾಕೆ ಬರೆದಿರಿ ಎಂಬುದಷ್ಟೇ ತಿಳಿಯಲಿಲ್ಲ.

ಇನ್ನು ಜಿನೀವಾದ ಸಂಗತಿ. ಬೆಂಬಲ ಬೆಲೆಯ ಮೂಲಕ ಕೊಡುವ ನೆರವು ಬೆಳೆಯ ಮೌಲ್ಯದ ಶೇ 10 ದಾಟಬಾರದೆಂದು ಅಲ್ಲಿನ ವಿಶ್ವ ವ್ಯಾಪಾರ ಸಂಸ್ಥೆಯ ಕಟ್ಟಳೆ. ಭಾರತ ಅಕ್ಕಿಯಲ್ಲಿ ಅದನ್ನು ದಾಟಿದೆಯೆಂದು ಅಮೆರಿಕದವರ ದೂರು. ಅಳೆಯುವುದು ಹೇಗೆಂದರೆ, ಈಗಿನ ಬೆಂಬಲ ಬೆಲೆಯನ್ನು 1986–88ರ ಅಂತಾರಾಷ್ಟ್ರೀಯ ದರದ ಪಕ್ಕ ನಿಲ್ಲಿಸಿ! ಈ ಲೆಕ್ಕ ನನಗೆ ಬಹಳ ಹಿಡಿಸಿತು. ಅದೇ ಸಾಲಿನ ದರಕ್ಕೆ ಡಿಎಪಿ ಕೊಡಿರೆಂದು ಗೊಬ್ಬರದ ಅಂಗಡಿಯಲ್ಲಿ ಕೇಳಿದೆ. ಅಂಗಡಿಯವರಿಗೆ ಜಿನೀವಾ ಗೊತ್ತಿಲ್ಲ, ಪಾಪ.

ಈಗ ಅಸಲು ವಿಷಯ. 2024ರ ಸೆಪ್ಟೆಂಬರ್ 28ರಂದು ಬಿಳಿ ಅಕ್ಕಿಗೆ ಬಾಗಿಲು ತೆರೆದಿರಿ. ಜೊತೆಗೆ ಟನ್ನಿಗೆ 490 ಡಾಲರ್ ಕನಿಷ್ಠ ರಫ್ತು ಬೆಲೆ ಇಟ್ಟಿರಿ. ಕಿಲೋಗೆ ಹೆಚ್ಚುಕಡಿಮೆ 41 ರೂಪಾಯಿ. ಅದಕ್ಕಿಂತ ಒಂದು ಡಾಲರ್ ಕಡಿಮೆಗೆ ಮಾರಿದರೂ ಕಸ್ಟಮ್ಸ್‌ನವರು ಅಕ್ಕಿಯನ್ನು ಹಡಗು ಹತ್ತಿಸುವಂತಿರಲಿಲ್ಲ. ಓದಿ ಕಣ್ಣು ಅರಳಿತು ಸಾಹೇಬರೆ. ಒಂದು ಬೆಲೆ ಗೊತ್ತು ಮಾಡಿ, ಅದರ ಕೆಳಗೆ ವ್ಯಾಪಾರವೇ ನಡೆಯದಂತೆ ತಡೆಯುವ ವಿದ್ಯೆ ನಿಮಗೆ ಬರುತ್ತದೆ! ಆ ಹಂಗಾಮಿಗೆ ಸಾಮಾನ್ಯ ಭತ್ತಕ್ಕೆ ಕ್ವಿಂಟಲಿಗೆ 2,300 ರೂಪಾಯಿ ಕನಿಷ್ಠ ಬೆಂಬಲ ಬೆಲೆಯೂ ಇತ್ತು. ಅದಕ್ಕಿಂತ ಕಡಿಮೆಗೆ ವ್ಯಾಪಾರಿ ಕೇಳಿದರೆ ತಪ್ಪೆನ್ನುವ ಕಾನೂನಿಲ್ಲ. ಎಪಿಎಂಸಿ ಗೇಟಿನಲ್ಲಿ ಕಸ್ಟಮ್ಸ್‌ನವರೂ ಇಲ್ಲ.

ಆ 490 ಡಾಲರನ್ನು ಒಂದು ತಿಂಗಳೂ ಪೂರ್ತಿ ಬಳಸದೆ ಅಕ್ಟೋಬರಿನಲ್ಲಿ ಕಿತ್ತುಹಾಕಿದಿರಿ. ಇನ್ನೂ ಹೊಸದಾಗಿಯೇ ಇರಬೇಕು. ಕಚೇರಿಯ ಮೂಲೆಯಲ್ಲೆಲ್ಲಾದರೂ ಬಿದ್ದಿದ್ದರೆ ಕಾರಟಗಿಗೆ ಕಳಿಸಿಕೊಡಿ. ಡಾಲರೇ ಆಗಬೇಕೆಂದಿಲ್ಲ, ರೂಪಾಯಿಯಲ್ಲಿ ನಡೆದೀತು. ಲಾರಿ ಬಾಡಿಗೆ ನಮ್ಮದು. ಹಮಾಲಿಯೂ ನಮ್ಮದೇ, ಯಾವಾಗಿನ ಹಾಗೆ.

ಇಂತಿ ನಿಮ್ಮ ವಿಧೇಯ,
ಭತ್ತದ ರೈತ